ಮನೆಯ ಬೇಟೆಗಾರ, ಮಡಿಲ ಮರಿ

ಮನೆಯಲ್ಲಿ ಓಡಾಡುವ ಬೆಕ್ಕಿನ ಪೂರ್ವಜ ಆಫ್ರಿಕಾದ ಕಾಡುಬೆಕ್ಕು. ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಬಯಲುಗಳಲ್ಲಿ ಈಗಲೂ ಇರುವ ಈ ಪ್ರಾಣಿ ತೋಳದ ಹಾಗೆ ಗುಂಪು ಕಟ್ಟಿಕೊಳ್ಳುವುದಿಲ್ಲ. ಒಂಟಿಯಾಗಿ ಬದುಕುತ್ತದೆ, ಒಂಟಿಯಾಗಿಯೇ ಬೇಟೆಯಾಡುತ್ತದೆ. ಪಶ್ಚಿಮ ಏಷ್ಯಾದ ರೈತರು ದವಸ ಬೆಳೆದು ಕೂಡಿಡಲು ತೊಡಗಿದ ಮೇಲೆ ಕಾಳಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದ ಶಿಲ್ಲೂರೊಕಾಂಬೋಸ್ ಎಂಬಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯ ಸಮಾಧಿಯಲ್ಲಿ ಮನುಷ್ಯನ ಅಸ್ಥಿಪಂಜರ, ಅದರಿಂದ 40 ಸೆಂಟಿಮೀಟರ್ ದೂರದಲ್ಲಿ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದ ಸಂಗತಿ 2004ರಲ್ಲಿ ಪ್ರಕಟವಾಯಿತು. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳೇ ಇರಲಿಲ್ಲ. ಯಾರೋ ದೋಣಿಯಲ್ಲಿ ಜೊತೆಗೆ ಕರೆದುಕೊಂಡು ಹೋಗಿರಬೇಕು.

ನಾಯಿ, ದನ, ಕುರಿಗಳನ್ನು ಮನುಷ್ಯ ತನಗೆ ಬೇಕಾದ ಕೆಲಸಕ್ಕೆ ಆರಿಸಿ ಆರಿಸಿ ತಳಿ ಬೆಳೆಸಿದ. ಬೆಕ್ಕನ್ನು ಬಹುಕಾಲ ಯಾರೂ ಹಾಗೆ ಆರಿಸಿ ಬೆಳೆಸಲಿಲ್ಲ. ಇಲಿ ಹಿಡಿಯುವ ವಿದ್ಯೆ ಅದಕ್ಕೆ ಹುಟ್ಟಿನಿಂದಲೇ ಇತ್ತು, ಮನೆಯವರಿಗೆ ಬೇಕಾದದ್ದೂ ಅಷ್ಟೇ. ಹಾಗಾಗಿ ಬೇಟೆಗಾರನ ಮೈ, ಬೇಟೆಗಾರನ ಸ್ವಭಾವ ಹೆಚ್ಚುಕಡಿಮೆ ಹಾಗೆಯೇ ಉಳಿದವು. ಮನುಷ್ಯರ ನಡುವೆ ಬದುಕಲು ಬೆಕ್ಕು ಹೊಸದಾಗಿ ಕಲಿತದ್ದು ಕಡಿಮೆ. ಬದಲಿಗೆ ಮರಿಯಾಗಿದ್ದಾಗ ತಾಯಿಯ ಹತ್ತಿರ ಆಡುತ್ತಿದ್ದ ಆಟ, ಮಾಡುತ್ತಿದ್ದ ಮುದ್ದನ್ನು ದೊಡ್ಡದಾದ ಮೇಲೂ ಬಿಡದೆ ಮನೆಯವರ ಹತ್ತಿರ ಮುಂದುವರಿಸಿತು. ಬೆಕ್ಕು ಸಾಕಿದವರನ್ನು ನಗಿಸುವ, ಕೆಲವೊಮ್ಮೆ ರೇಗಿಸುವ ವಿಚಿತ್ರಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ: ಬೇಟೆಗಾರನ ಅಭ್ಯಾಸ, ಇಲ್ಲವೇ ಮರಿಯ ಅಭ್ಯಾಸ.

ಮೊದಲ ವಿಚಿತ್ರ ಬೆಳಗಿನ ಜಾವದ್ದು. ಇಡೀ ಹಗಲು ಸೋಫಾದ ಮೇಲೆ ಸುರುಳಿ ಸುತ್ತಿಕೊಂಡು ಮಲಗಿದ್ದ ಬೆಕ್ಕು ನಾಲ್ಕೂವರೆ, ಐದು ಗಂಟೆಗೆ ಎದ್ದು ಮಲಗಿದ್ದವರ ಎದೆಯ ಮೇಲೆ ಕೂರುತ್ತದೆ, ಮೂಗಿಗೆ ಮೂಗು ತಾಗಿಸುತ್ತದೆ, ಹೊದಿಕೆಯೊಳಗೆ ಅಲುಗುವ ಕಾಲ್ಬೆರಳನ್ನು ಹಿಡಿಯುತ್ತದೆ. ಬೆಕ್ಕು ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡುತ್ತದೆ. ಆದರೆ ಮುಂಜಾವು ಮತ್ತು ಮುಸ್ಸಂಜೆಯ ಹೊತ್ತಿನಲ್ಲಿ ಅದರ ಮೈ ತಾನಾಗಿ ಚುರುಕಾಗುತ್ತದೆ, ಏಕೆಂದರೆ ಇಲಿಗಳು ಹೊರಬೀಳುವ ಹೊತ್ತು ಅದು. ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವೊಂದಿದ್ದು, ಒಳಹೊಕ್ಕ ಬೆಳಕನ್ನು ಮತ್ತೊಮ್ಮೆ ಹಿಂದಕ್ಕೆ ಹಾಯಿಸುತ್ತದೆ. ಮನುಷ್ಯನಿಗೆ ಬೇಕಾದ ಬೆಳಕಿನ ಸುಮಾರು ಆರನೇ ಒಂದು ಭಾಗ ಬೆಕ್ಕಿಗೆ ಸಾಕು. ಟಾರ್ಚ್ ಬಿಟ್ಟಾಗ ಕಣ್ಣು ಹಸಿರಾಗಿ ಹೊಳೆಯುವುದು ಇದೇ ಪದರದಿಂದ. ಕಿವಿಯೂ ಅಷ್ಟೇ ಹರಿತ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತರೆ ಬೆಕ್ಕಿನದು 60 ಕಿಲೋಹರ್ಟ್ಸ್ ದಾಟುತ್ತದೆ. ಮನೆಯಲ್ಲಿ ಯಾರಿಗೂ ಕೇಳದ ಇಲಿಮರಿಯ ಕೀರಲು ಅದಕ್ಕೆ ಕೇಳುತ್ತದೆ. ಖಾಲಿ ಗೋಡೆಯತ್ತ ಕಿವಿ ನಿಮಿರಿಸಿ ದಿಟ್ಟಿಸುವ ಬೆಕ್ಕಿಗೆ ಭೂತ ಕಾಣುತ್ತಿದೆ ಎಂದು ಹಳಬರು ಹೇಳುವುದುಂಟು. ಗೋಡೆಯೊಳಗೆ ಅಥವಾ ಅಟ್ಟದ ಮೇಲೆ ಏನೋ ಹರಿದಾಡುತ್ತಿರುವ ಸಂಭವವೇ ಹೆಚ್ಚು.

ಬೆಳಗಿನ ಕಾಟಕ್ಕೆ ಪರಿಹಾರವೂ ಇದೇ ಸ್ವಭಾವದಲ್ಲಿದೆ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ ಎಂಬುದು ಬೆಕ್ಕಿನ ಸಹಜ ಕ್ರಮ. ರಾತ್ರಿ ಮಲಗುವ ಮುಂಚೆ ಹಗ್ಗದ ತುದಿಗೆ ಬಟ್ಟೆ ಕಟ್ಟಿ ಹತ್ತು ಹದಿನೈದು ನಿಮಿಷ ಓಡಾಡಿಸಿ, ಆಮೇಲೆ ಊಟ ಹಾಕಿದರೆ ಅದೂ ಮಲಗುತ್ತದೆ. ಬೆಳಿಗ್ಗೆ ಅದು ಕೂಗಿದ ಕೂಡಲೇ ಎದ್ದು ಊಟ ಹಾಕುವವರ ಮನೆಯಲ್ಲಿ ಮಾತ್ರ ಆ ಕೂಗು ದಿನದಿಂದ ದಿನಕ್ಕೆ ಬೇಗ ಶುರುವಾಗುತ್ತದೆ. ಯಾವ ಕಾರಣವೂ ಇಲ್ಲದೆ ಸಂಜೆ ಹೊತ್ತು ಕಿವಿ ಹಿಂದಕ್ಕೆ ಮಡಚಿ, ಬಾಲ ಉಬ್ಬಿಸಿಕೊಂಡು ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಸಿಗೆಗೆ ಹಾರಿ ಓಡುವುದೂ ಕೂಡಿಟ್ಟ ಶಕ್ತಿ ಹೊರಬೀಳುವ ಬಗೆಯೇ. ರೋಗವಲ್ಲ, ಹುಚ್ಚಲ್ಲ.

ಮೇಜಿನ ಅಂಚಿನಲ್ಲಿ ಕೂತು ಸ್ಟೀಲ್ ಲೋಟವನ್ನು ಮುಂಗಾಲಿನಿಂದ ತುಸು ತುಸುವೇ ತಳ್ಳಿ, ಅದು ಟಣ್ ಎಂದು ಬಿದ್ದ ಮೇಲೆ ಬಗ್ಗಿ ನೋಡುವ ಬೆಕ್ಕು ಎಷ್ಟೋ ಮನೆಗಳಲ್ಲಿದೆ. ಹೊಸ ವಸ್ತು ಅಲುಗುತ್ತದೆಯೇ, ಕಚ್ಚುತ್ತದೆಯೇ ಎಂದು ತಿಳಿಯಲು ಬೆಕ್ಕು ಬಾಯಿ ಹಾಕುವ ಮೊದಲು ಮುಂಗಾಲು ಹಾಕುತ್ತದೆ. ಚೇಳು, ಹಾವು, ಹೆಗ್ಗಣಗಳ ನಡುವೆ ಒಂಟಿಯಾಗಿ ಬದುಕುವ ಪ್ರಾಣಿಗೆ ಈ ಎಚ್ಚರ ಬೇಕೇ ಬೇಕು. ಲೋಟ ಬಿದ್ದ ಸದ್ದಿಗೆ ಮನೆಯವರೆಲ್ಲ ಓಡಿ ಬಂದರೆ ಇನ್ನೊಂದು ಪಾಠವೂ ಅದಕ್ಕೆ ಸಿಗುತ್ತದೆ: ಜನರನ್ನು ಕರೆಯಲು ಇದು ಒಳ್ಳೆಯ ಉಪಾಯ. ಮುಂದಿನ ಲೋಟ ಬೀಳಿಸುವಾಗ ಅದು ಬಾಗಿಲ ಕಡೆ ನೋಡಿದರೆ ಆ ಪಾಠ ಕಲಿತಾಗಿದೆ ಎಂದರ್ಥ.

ಸಿಕ್ಕ ಇಲಿಯನ್ನು ಕೂಡಲೇ ಕೊಲ್ಲದೆ ಬಿಟ್ಟು ಹಿಡಿದು, ಹಿಡಿದು ಬಿಟ್ಟು ಆಡಿಸುವುದರಿಂದಲೇ 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆ ಹುಟ್ಟಿತು. ಗಾದೆಯ ಎರಡನೇ ಅರ್ಧ ಪೂರ್ತಿ ನಿಜ, ಮೊದಲನೆಯದು ಅರ್ಧ ಮಾತ್ರ. ದೊಡ್ಡ ಇಲಿ ತಿರುಗಿ ಬಿದ್ದು ಕಚ್ಚಿದರೆ ಬೆಕ್ಕಿನ ಕಣ್ಣು ಹೋಗಬಹುದು, ಮುಖದ ಗಾಯ ಕೀವಾಗಬಹುದು. ಕತ್ತಿನ ಹಿಂಭಾಗಕ್ಕೆ ಸರಿಯಾಗಿ ಹಲ್ಲು ಹಾಕಲು ಮುಖವನ್ನು ಹತ್ತಿರ ಒಯ್ಯಲೇಬೇಕು. ಅದಕ್ಕೆ ಮೊದಲು ಇಲಿಯನ್ನು ದಣಿಸಿಕೊಳ್ಳುವುದು ಕ್ಷೇಮ. ಹೊಟ್ಟೆ ಹಸಿದಿದ್ದು ಇಲಿ ಸಣ್ಣದಾಗಿದ್ದರೆ ಬೆಕ್ಕು ಹೆಚ್ಚು ಆಡಿಸುವುದಿಲ್ಲ. ಹೊಟ್ಟೆ ತುಂಬಿದ್ದು ಇಲಿ ದೊಡ್ಡದಾಗಿದ್ದರೆ ಆಟ ಉದ್ದವಾಗುತ್ತದೆ. ಬೇಟೆಯ ಆಸೆಗೂ ಹಸಿವಿಗೂ ಅದರ ಮಿದುಳಿನಲ್ಲಿ ನೇರ ನಂಟಿಲ್ಲ. ಬಟ್ಟಲು ತುಂಬ ಊಟ ತಿಂದು ಬಂದ ಬೆಕ್ಕೂ ಹಲ್ಲಿಯ ಹಿಂದೆ ಓಡುವುದು ಇದಕ್ಕೇ.

ಹಾಗೆ ಹಿಡಿದದ್ದನ್ನು ಮನೆಯ ನಡುಮನೆಗೆ ತಂದು ಹಾಕುವುದು ಇನ್ನೊಂದು ಅಭ್ಯಾಸ. ಬಾಲ ಕಳಚಿದ ಹಲ್ಲಿ, ಅರೆಜೀವದ ಮಿಡತೆ, ಕೆಲವೊಮ್ಮೆ ದೇವರ ಕೋಣೆಯ ಹೊಸ್ತಿಲಲ್ಲೇ ಇಲಿ. ತಾಯಿ ಬೆಕ್ಕು ತನ್ನ ಮರಿಗಳಿಗೆ ಬೇಟೆ ಕಲಿಸುವ ಕ್ರಮ ಬಲು ಅಚ್ಚುಕಟ್ಟಾದದ್ದು. ಮೊದಲು ಸತ್ತ ಇಲಿ ತಂದು ಮರಿಗಳ ಮುಂದೆ ತಾನು ತಿನ್ನುತ್ತದೆ, ಆಮೇಲೆ ಸತ್ತದ್ದನ್ನು ಅವುಗಳಿಗೇ ಬಿಡುತ್ತದೆ, ಕೊನೆಗೆ ಅರೆಜೀವದ್ದನ್ನು ತಂದು ಬಿಟ್ಟು ಪಕ್ಕದಲ್ಲಿ ಕಾಯುತ್ತದೆ. ಮನೆಯವರಿಗೆ ತಂದುಕೊಡುವುದೂ ಇದೇ ಪ್ರವೃತ್ತಿಯ ಮುಂದುವರಿಕೆ ಎಂಬುದು ಒಂದು ವಿವರಣೆ. ಬೇಟೆಯನ್ನು ನಿಶ್ಚಿಂತೆಯಿಂದ ತಿನ್ನಬಹುದಾದ ತನ್ನ ಜಾಗಕ್ಕೆ ತರುತ್ತದೆ, ಬಂದ ಮೇಲೆ ಬಟ್ಟಲಲ್ಲಿ ಅದಕ್ಕಿಂತ ರುಚಿಯಾದದ್ದು ಕಂಡು ಇದನ್ನು ಬಿಡುತ್ತದೆ ಎಂಬುದು ಇನ್ನೊಂದು. ಎರಡರಲ್ಲಿ ಯಾವುದೇ ಇರಲಿ, ಬೈದರೆ ಬೆಕ್ಕಿಗೆ ಏನೂ ಅರ್ಥವಾಗುವುದಿಲ್ಲ. ಕಾಗದದಲ್ಲಿ ಸುತ್ತಿ ಹೊರಗೆ ಹಾಕಿ ಕೈ ತೊಳೆದುಕೊಳ್ಳುವುದೇ ಸರಿ. ಕಿಟಕಿಯಾಚೆ ಗುಬ್ಬಿಯನ್ನೋ ಅಳಿಲನ್ನೋ ಕಂಡು ದವಡೆ ನಡುಗಿಸುತ್ತ 'ಕೆಕೆಕೆ' ಎನ್ನುವ ವಿಚಿತ್ರ ಸದ್ದೂ ಬೇಟೆ ಕಣ್ಣೆದುರಿದ್ದು ಕೈಗೆ ಸಿಗದಾಗಿನ ಉದ್ವೇಗ.

ರಟ್ಟಿನ ಡಬ್ಬಿಯ ವಿಷಯ ಬೆಕ್ಕು ಸಾಕಿದವರಿಗೆಲ್ಲ ಗೊತ್ತು. ದುಡ್ಡು ಕೊಟ್ಟು ಮೆತ್ತನೆಯ ಹಾಸಿಗೆ ತಂದರೆ ಬೆಕ್ಕು ಅದು ಬಂದ ಡಬ್ಬಿಯಲ್ಲಿ ಹೋಗಿ ಕೂರುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಬೆನ್ನಿಗೆ, ಪಕ್ಕಕ್ಕೆ ಗೋಡೆ ಇರುತ್ತದೆ, ಎದುರಿನಿಂದ ಬರುವುದು ಮಾತ್ರ ಕಾಣುತ್ತದೆ. ಅಡಗಿ ಕೂತು ಹಾರುವ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಪ್ರಾಣಿಧಾಮವೊಂದಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಡಬ್ಬಿ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಡಬ್ಬಿ ಸಿಕ್ಕಿದವು ಬೇಗ ಶಾಂತವಾದವು. 2014ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಮನೆಗಳಿಗೂ ಒಂದು ಪ್ರಯೋಜನವಿದೆ. ಮನೆ ಬದಲಿಸುವಾಗ, ನೆಂಟರು ತುಂಬಿದಾಗ, ದೀಪಾವಳಿಯ ಪಟಾಕಿ ಸದ್ದಿನಲ್ಲಿ ಬೆಕ್ಕಿಗೊಂದು ಡಬ್ಬಿ ಕೊಟ್ಟು ಮೂಲೆಯಲ್ಲಿಟ್ಟರೆ ಅದರ ಅರ್ಧ ಹೆದರಿಕೆ ಇಳಿಯುತ್ತದೆ. ಡಬ್ಬಿಯಲ್ಲಿ ಬೆಚ್ಚಗೂ ಇರುತ್ತದೆ. ಮೈ ಬಿಸಿ ಕಾಪಾಡಿಕೊಳ್ಳಲು ಹೆಚ್ಚಿನ ಶಕ್ತಿ ಖರ್ಚಾಗದಿರಬೇಕಾದರೆ ಬೆಕ್ಕಿಗೆ ಸುತ್ತಲಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಮಲೆನಾಡಿನ ಮನೆಗಳಲ್ಲಿ ಆರಿದ ಒಲೆಯ ಬೂದಿಯ ಪಕ್ಕ, ಪಟ್ಟಣದ ಮನೆಗಳಲ್ಲಿ ಬಿಸಿಯಾದ ಲ್ಯಾಪ್‌ಟಾಪ್ ಮೇಲೆ, ಆಗಷ್ಟೇ ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೆ ಬೆಕ್ಕು ಕೂರುವುದರ ಗುಟ್ಟು ಇದೇ.

ಅಷ್ಟು ಸಣ್ಣ ಜಾಗದೊಳಗೆ ಅದು ಹಿಡಿಸುವುದು ಹೇಗೆ? ಮನುಷ್ಯನ ಕೊರಳೆಲುಬು ಭುಜಕ್ಕೆ ಬಿಗಿಯಾಗಿ ಸೇರಿದೆ. ಬೆಕ್ಕಿನದು ಚಿಕ್ಕದಾಗಿ, ಬೇರೆ ಎಲುಬಿಗೆ ಅಂಟದೆ ಸ್ನಾಯುಗಳ ನಡುವೆ ತೇಲುತ್ತಿರುತ್ತದೆ. ತಲೆ ನುಗ್ಗಿದ ಸಂದಿಯಲ್ಲಿ ಭುಜವೂ ನುಗ್ಗುತ್ತದೆ. ಸಂದಿ ಎಷ್ಟಿದೆ ಎಂದು ಅಳೆಯಲು ಮೀಸೆಯ ನೆರವಿದೆ. ಹಾಕಿದ ಪಾತ್ರೆಯ ಆಕಾರವನ್ನೇ ತಾಳುವ ಬೆಕ್ಕು ದ್ರವವೇ, ಘನವೇ ಎಂಬ ಪ್ರಶ್ನೆಯನ್ನು ಭೌತಶಾಸ್ತ್ರದ ಲೆಕ್ಕದಲ್ಲಿ ಪರಿಶೀಲಿಸಿದ ಫ್ರಾನ್ಸ್‌ನ ವಿಜ್ಞಾನಿ ಮಾರ್ಕ್ ಆಂಟ್ವಾನ್ ಫಾರ್ಡಾನ್ ಅವರಿಗೆ 2017ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಎತ್ತರದ ಹುಚ್ಚೂ ಬೇಟೆಗಾರನದೇ. ಬೀರುವಿನ ತಲೆ, ಫ್ರಿಜ್, ಕಾಂಪೌಂಡ್ ಗೋಡೆಗಳಿಂದ ಇಡೀ ಜಾಗದ ಮೇಲೆ ಕಣ್ಣಿಡಬಹುದು. ಬಿದ್ದರೂ ಬೆಕ್ಕು ಕಾಲ ಮೇಲೆಯೇ ನಿಲ್ಲುತ್ತದೆ ಎಂಬ ಮಾತು ನಿಜವೇ ಎಂದು ಫ್ರಾನ್ಸ್‌ನ ಎಟಿಯೆನ್ ಜೂಲ್ ಮಾರೆ 1894ರಲ್ಲಿ ಸಾಲು ಸಾಲು ಚಿತ್ರ ತೆಗೆದು ತೋರಿಸಿದ. ಬೀಳುವಾಗ ಹಿಡಿದು ತಿರುಗಲು ಗಾಳಿಯಲ್ಲಿ ಆಸರೆಯೇ ಇಲ್ಲ. ಆದರೂ ಬೆಕ್ಕು ನಡುವನ್ನು ಬಗ್ಗಿಸಿ, ಮೈಯ ಮುಂಭಾಗವನ್ನು ಒಂದು ಕಡೆ, ಹಿಂಭಾಗವನ್ನು ಇನ್ನೊಂದು ಕಡೆ ತಿರುಚಿಕೊಂಡು ಕಾಲುಗಳನ್ನು ಕೆಳಗೆ ತರುತ್ತದೆ. ಈ ಚಲನೆಯ ಗಣಿತವನ್ನು ಕೇನ್ ಮತ್ತು ಶೆರ್ ಎಂಬಿಬ್ಬರು 1969ರಲ್ಲಿ ಬಿಡಿಸಿದರು. ಮರಿಗಳಿಗೆ ಈ ವಿದ್ಯೆ ಮೂರು ನಾಲ್ಕು ವಾರಕ್ಕೆ ಬರತೊಡಗಿ, ಆರೇಳು ವಾರಕ್ಕೆ ಪಳಗುತ್ತದೆ.

ಇದನ್ನು ನಂಬಿ ಬೆಂಗಳೂರಿನಂಥ ಊರಿನ ಅಪಾರ್ಟ್‌ಮೆಂಟುಗಳಲ್ಲಿ ಬಾಲ್ಕನಿ ತೆರೆದಿಡುವುದು ಮಾತ್ರ ದೊಡ್ಡ ತಪ್ಪು. ಎತ್ತರದ ಕಟ್ಟಡಗಳಿಂದ ಬಿದ್ದು ನ್ಯೂಯಾರ್ಕಿನ ಪಶು ಆಸ್ಪತ್ರೆಗೆ ಬಂದ 132 ಬೆಕ್ಕುಗಳ ವಿವರ 1987ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಸುಮಾರು ಶೇ. 90 ಬದುಕಿದವು. ಆದರೆ ಬಿದ್ದಲ್ಲೇ ಸತ್ತವನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ, ಅವು ಈ ಲೆಕ್ಕದಲ್ಲಿಲ್ಲ. ಬದುಕಿದವಕ್ಕೂ ಎದೆಯ ಪೆಟ್ಟು, ದವಡೆ ಸೀಳುವುದು, ಕಾಲು ಮುರಿಯುವುದು ಸಾಮಾನ್ಯವಾಗಿತ್ತು. ಪಾರಿವಾಳ ಬಾರದಂತೆ ಕಟ್ಟುವ ಬಲೆಯೇ ಬೆಕ್ಕಿಗೂ ರಕ್ಷೆ.

ಇನ್ನು ಊಟ. ಹಾಲು ಮತ್ತು ಬೆಕ್ಕಿನ ಜೋಡಿ ಕನ್ನಡದ ಗಾದೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಎಲ್ಲರಿಗೂ ಗೊತ್ತು. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ಕುದಿಯುವ ಹಾಲಿಗೆ ಬಾಯಿ ಸುಟ್ಟುಕೊಂಡು ಮುಂದೆ ಹಾಲು ಕಂಡರೆ ಓಡಿಹೋಗುವ ಬೆಕ್ಕಿದೆ. ನಿಜಕ್ಕೂ ಹಾಲಿನಲ್ಲಿ ಬೆಕ್ಕನ್ನು ಸೆಳೆಯುವುದು ಕೊಬ್ಬು ಮತ್ತು ಅದರ ವಾಸನೆ, ಸಿಹಿಯಲ್ಲ. ಸಿಹಿ ರುಚಿ ಗ್ರಹಿಸಲು ಬೇಕಾದ ಜೀನ್ ಬೆಕ್ಕಿನ ಜಾತಿಯಲ್ಲೇ ಕೆಟ್ಟುಹೋಗಿದೆ ಎಂದು ಅಮೆರಿಕದ ಮೊನೆಲ್ ಸಂಶೋಧನಾ ಕೇಂದ್ರದವರು 2005ರಲ್ಲಿ ತೋರಿಸಿದರು. ಮೈಸೂರುಪಾಕ್ ಕೊಟ್ಟರೆ ಅದು ತುಪ್ಪಕ್ಕಾಗಿ ನೆಕ್ಕೀತು, ಸಕ್ಕರೆ ಅದಕ್ಕೆ ತಿಳಿಯದು. ತಾಯಿಹಾಲು ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆ ಅರಗಿಸುವ ಶಕ್ತಿಯೂ ಕುಗ್ಗುತ್ತದೆ, ದಿನವೂ ಹಾಲು ಹಾಕಿದರೆ ಭೇದಿಯಾಗಬಹುದು. ಹಾಲನ್ನ, ಮೊಸರನ್ನ ಮಾತ್ರ ಹಾಕಿ ಬೆಕ್ಕು ಸಾಕುತ್ತಿದ್ದ ಹಳ್ಳಿಯ ಮನೆಗಳಲ್ಲಿ ಅದು ಚೆನ್ನಾಗಿಯೇ ಇತ್ತು ಎನ್ನುವವರು ಒಂದನ್ನು ಮರೆಯುತ್ತಾರೆ: ಆ ಬೆಕ್ಕು ಉಳಿದ ಊಟವನ್ನು ಗದ್ದೆಯ ಅಂಚಿನಲ್ಲಿ, ಕಣಜದ ಬುಡದಲ್ಲಿ ತಾನೇ ಹಿಡಿದು ತಿನ್ನುತ್ತಿತ್ತು. ಟಾರಿನ್ ಎಂಬ ಪೋಷಕಾಂಶ ಬೆಕ್ಕಿಗೆ ಮಾಂಸ, ಮೀನುಗಳಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಹೃದಯದ ಸ್ನಾಯು ಸೋಲುತ್ತದೆ, ಕಣ್ಣು ಮಂದವಾಗುತ್ತದೆ. ಹೃದಯದ ಆ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ನಂಟು 1987ರಲ್ಲಿ ಗೊತ್ತಾಯಿತು, ಆಮೇಲೆ ಬೆಕ್ಕಿನ ಸಿದ್ಧ ಆಹಾರಕ್ಕೆ ಅದನ್ನು ಹೆಚ್ಚಾಗಿ ಸೇರಿಸತೊಡಗಿದರು. ಮನೆಯಿಂದ ಹೊರಬೀಳದ ಬೆಕ್ಕಿಗೆ ಬರೀ ಹಾಲನ್ನ ಹಾಕುವುದು ಪ್ರೀತಿಯಿಂದ ಮಾಡುವ ಅನ್ಯಾಯ.

ನೀರಿನ ವಿಷಯದಲ್ಲಿ ಬೆಕ್ಕು ಬಹಳ ಹಟಮಾರಿ. ಬಟ್ಟಲಲ್ಲಿ ನೀರಿದ್ದರೂ ಸ್ನಾನದ ಮನೆಯ ಬಕೆಟ್ಟಿಗೆ ಬಗ್ಗುತ್ತದೆ, ತೊಟ್ಟಿಕ್ಕುವ ನಲ್ಲಿಗೆ ನಾಲಿಗೆ ಚಾಚುತ್ತದೆ. ಅನ್ನದ ಬಟ್ಟಲಿನ ಪಕ್ಕದಲ್ಲಿಟ್ಟ ನೀರನ್ನು ಮುಟ್ಟದ ಬೆಕ್ಕು ಅದೇ ನೀರನ್ನು ಬೇರೆ ಕೋಣೆಯಲ್ಲಿಟ್ಟರೆ ಕುಡಿಯುವುದುಂಟು. ಕುಡಿಯುವ ರೀತಿಯಂತೂ ನೋಡಬೇಕಾದದ್ದೇ. ನಾಯಿ ನಾಲಿಗೆಯನ್ನು ನೀರಿನೊಳಕ್ಕೇ ಅದ್ದುತ್ತದೆ. ಬೆಕ್ಕು ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ ನೀರಿನ ಮೇಲ್ಮೈಗೆ ತಾಗಿಸಿ ಚಕ್ಕನೆ ಮೇಲೆಳೆಯುತ್ತದೆ. ನಾಲಿಗೆಯ ಹಿಂದೆಯೇ ನೀರಿನ ಸಣ್ಣ ಕಂಬವೊಂದು ಏಳುತ್ತದೆ, ಅದು ಕುಸಿಯುವ ಮುಂಚೆ ಬಾಯಿ ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು ನಾಲ್ಕು ಸಲ ಇದು ನಡೆಯುತ್ತದೆ, ಗಲ್ಲ ಮಾತ್ರ ಒದ್ದೆಯಾಗುವುದಿಲ್ಲ. ಬರಿಗಣ್ಣಿಗೆ ಕಾಣದ ಈ ಕೈಚಳಕವನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ಅಮೆರಿಕದ ನಾಲ್ವರು ವಿಜ್ಞಾನಿಗಳು 2010ರಲ್ಲಿ ವಿವರಿಸಿದರು.

ಗಿಡಮೂಲಿಕೆಯ ಹುಚ್ಚು ಇನ್ನೊಂದು. ವಿದೇಶದಲ್ಲಿ ಕ್ಯಾಟ್‌ನಿಪ್ ಎಂಬ ಗಿಡಕ್ಕೆ ಬೆಕ್ಕು ಮೈ ಉಜ್ಜಿ ಉರುಳಾಡುವುದು ಪ್ರಸಿದ್ಧ. ಕನ್ನಡನಾಡಿನ ಹಿತ್ತಿಲಲ್ಲಿ, ರಸ್ತೆ ಬದಿಯಲ್ಲಿ ಕಳೆಯಾಗಿ ಬೆಳೆಯುವ ಕುಪ್ಪಿಗಿಡಕ್ಕೂ ಆ ಗುಣವಿದೆ. ಗಿಡವನ್ನು ಬೇರುಸಹಿತ ಕಿತ್ತು ಹಾಕಿದರೆ ಬೇರಿನ ವಾಸನೆಗೆ ಬೆಕ್ಕು ಹುಡುಕಿಕೊಂಡು ಬಂದು ಕೆನ್ನೆ ತಿಕ್ಕುತ್ತದೆ, ನೆಕ್ಕುತ್ತದೆ, ಹೊರಳುತ್ತದೆ. ಇಂಥ ಗಿಡಗಳ ಮೇಲಿನ ಮೋಹಕ್ಕೆ ಕಾರಣವೊಂದನ್ನು ಜಪಾನಿನ ಸಂಶೋಧಕರು 2021ರಲ್ಲಿ ತೋರಿಸಿದರು. ಅವರು ನೋಡಿದ್ದು ಕ್ಯಾಟ್‌ನಿಪ್ ಮತ್ತು ಜಪಾನಿನ ಒಂದು ಬಳ್ಳಿಯನ್ನು. ಅವುಗಳ ರಸ ಮೈಗೆ ಹತ್ತಿದ ಬೆಕ್ಕಿನ ಮೇಲೆ ಸೊಳ್ಳೆ ಕೂರುವುದು ಕಡಿಮೆಯಾಯಿತು.

ಬೇಟೆಗಾರನ ಪಾಲು ಇಷ್ಟು. ಮರಿಯ ಪಾಲು ಶುರುವಾಗುವುದು ದನಿಯಿಂದ. ದೊಡ್ಡ ಬೆಕ್ಕುಗಳು ತಮ್ಮತಮ್ಮಲ್ಲಿ ಮಿಯಾಂವ್ ಎನ್ನುವುದು ಅಪರೂಪ. ಅದು ಮರಿ ತಾಯಿಯನ್ನು ಕರೆಯುವ ಕೂಗು. ಮನೆಯ ಬೆಕ್ಕು ಆ ಕೂಗನ್ನು ಮನುಷ್ಯರಿಗೆಂದೇ ಇಟ್ಟುಕೊಂಡಿದೆ, ಮನೆಮನೆಗೆ ತಕ್ಕಂತೆ ತಿದ್ದಿಕೊಂಡಿದೆ. ಬಾಗಿಲಿಗೊಂದು ರಾಗ, ಬೂತಾಯಿ ಮೀನು ಕೊಯ್ಯುವಾಗ ಇನ್ನೊಂದು ರಾಗ. ಗೊರಗೊರ ಸದ್ದಿನಲ್ಲೂ ಇಂಥ ಜಾಣತನವಿದೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಕ್ಯಾರನ್ ಮೆಕೋಂಬ್ ಮತ್ತು ಸಂಗಡಿಗರು 2009ರಲ್ಲಿ ಕಂಡುಕೊಂಡಂತೆ, ಊಟ ಕೇಳುವಾಗಿನ ಗೊರಗೊರದೊಳಗೆ ಅಳುವಿನಂಥ ತೆಳು ದನಿಯೊಂದು ಅಡಗಿರುತ್ತದೆ. ಬೆಕ್ಕನ್ನು ಸಾಕದವರಿಗೂ ಆ ಸದ್ದು ಒತ್ತಾಯದಂತೆ ಕೇಳಿಸಿತು. ಅಳುವ ಮಗುವಿನ ದನಿಗೆ ಮನುಷ್ಯ ಸುಮ್ಮನೆ ಕೂರಲಾರ ಎಂಬುದು ಬೆಕ್ಕಿಗೆ ಅನುಭವದಿಂದ ತಿಳಿದಂತಿದೆ.

ಮಲಗುವ ಮುಂಚೆ ಹೊದಿಕೆಯನ್ನೋ ತೊಡೆಯನ್ನೋ ಎರಡು ಮುಂಗಾಲುಗಳಿಂದ ಚಪಾತಿ ಹಿಟ್ಟು ನಾದಿದ ಹಾಗೆ ಒತ್ತುವುದು ಹಾಲು ಕುಡಿಯುತ್ತಿದ್ದ ದಿನಗಳ ಅಭ್ಯಾಸ. ಮರಿ ಹಾಗೆ ಒತ್ತಿದರೆ ತಾಯಿಗೆ ಹಾಲಿಳಿಯುತ್ತದೆ. ಬಾಲವನ್ನು ನೇರಕ್ಕೆ ಎತ್ತಿ, ತುದಿ ಮಾತ್ರ ಕೊಂಕಿಸಿಕೊಂಡು ಎದುರು ಬರುವುದೂ ಮರಿ ತಾಯಿಯನ್ನು ಎದುರುಗೊಳ್ಳುವ ರೀತಿ. ಕೆನ್ನೆ, ಹಣೆಗಳನ್ನು ಕಾಲಿಗೆ ಉಜ್ಜಿದಾಗ ಅಲ್ಲಿನ ಗ್ರಂಥಿಗಳ ವಾಸನೆ ಬಟ್ಟೆಗೆ ಹತ್ತುತ್ತದೆ. ಹೊರಗಿನಿಂದ ಬಂದವರ ಮೈಗೆ ಬೇರೆ ವಾಸನೆ ಅಂಟಿರುತ್ತದೆ, ಅದನ್ನು ಮತ್ತೆ ಮನೆಯ ವಾಸನೆಗೆ ತರುವ ಕೆಲಸ ಇದು. ಸೋಫಾ ಗೀರುವುದರಲ್ಲೂ ಗುರುತು ಹಾಕುವ ಉದ್ದೇಶವಿದೆ, ಜೊತೆಗೆ ಉಗುರಿನ ಹಳೆಯ ಹೊರಪದರ ಕಳಚಬೇಕು. ಬೈದು ಬಿಡಿಸಲಾಗದ ಅಭ್ಯಾಸವಿದು. ಅದು ಮಲಗುವ ಜಾಗದ ಹತ್ತಿರ ಗಟ್ಟಿಯಾಗಿ ನಿಲ್ಲುವ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಸುತ್ತಿಟ್ಟರೆ ಸೋಫಾ ಉಳಿಯುತ್ತದೆ.

ಅಂಗಾತ ಮಲಗಿ ಹೊಟ್ಟೆ ತೋರಿಸುವ ಬೆಕ್ಕನ್ನು ಕಂಡು ಹೊಟ್ಟೆ ಸವರಲು ಹೋಗಿ ಕೈ ಪರಚಿಸಿಕೊಂಡವರು ಬಹಳ. ಹೊಟ್ಟೆ ತೋರಿಸುವುದು 'ನಿನ್ನ ಭಯ ನನಗಿಲ್ಲ' ಎಂಬ ವಿಶ್ವಾಸ, ಮುಟ್ಟಲು ಕರೆಯುವುದಲ್ಲ. ಗಲ್ಲದ ಕೆಳಗೆ, ಕಿವಿಯ ಬುಡದಲ್ಲಿ ತುರಿಸಿ, ಬಾಲ ಬಡಿಯತೊಡಗಿದ ಕೂಡಲೇ ಕೈ ತೆಗೆದರೆ ಸ್ನೇಹ ಉಳಿಯುತ್ತದೆ. ಬೆಕ್ಕು ಕಂಡರಾಗದ ನೆಂಟರ ತೊಡೆಯನ್ನೇ ಅದು ಹುಡುಕಿಕೊಂಡು ಹೋಗುವುದಕ್ಕೂ ಇದೇ ಕಾರಣವಿರಬೇಕು. ಅವರು ದಿಟ್ಟಿಸುವುದಿಲ್ಲ, ಎತ್ತಿಕೊಳ್ಳಲು ಕೈ ಚಾಚುವುದಿಲ್ಲ. ಬೆಕ್ಕಿನ ಲೋಕದಲ್ಲಿ ಎವೆಯಿಕ್ಕದ ನೋಟ ಬೆದರಿಕೆ, ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುವುದು ಸಮಾಧಾನ. ಮನುಷ್ಯರು ಹಾಗೆ ನಿಧಾನ ಕಣ್ಣು ಮಿಟುಕಿಸಿದರೆ ಬೆಕ್ಕೂ ಮಿಟುಕಿಸುತ್ತದೆ, ಅಪರಿಚಿತರ ಹತ್ತಿರಕ್ಕೂ ಬರುತ್ತದೆ ಎಂದು 2020ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ತೋರಿಸಿತು.

ಕರೆದರೆ ಬಾರದಿರುವುದು ಹೆಸರು ಗೊತ್ತಿಲ್ಲದೆ ಅಲ್ಲ. ಜಪಾನಿನ ಅತ್ಸುಕೊ ಸೈಟೊ ಅವರ 2013ರ ಅಧ್ಯಯನದಲ್ಲಿ ಬೆಕ್ಕುಗಳು ಮನೆಯವರ ದನಿಯನ್ನು ಗುರುತಿಸಿದವು, 2019ರದ್ದರಲ್ಲಿ ತಮ್ಮ ಹೆಸರನ್ನು ಅದರಂತೆಯೇ ಕೇಳುವ ಬೇರೆ ಪದಗಳಿಂದ ಬೇರ್ಪಡಿಸಿದವು. ಕಿವಿ ತಿರುಗಿತು, ತಲೆ ತುಸು ಹೊರಳಿತು, ಎದ್ದು ಬಂದವು ಮಾತ್ರ ಕಡಿಮೆ. ಗುಂಪಿನ ನಾಯಕನ ಮಾತು ಕೇಳುವ ಅಗತ್ಯವೇ ಬೀಳದ ಪ್ರಾಣಿಯಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದೂ ನ್ಯಾಯವಲ್ಲ.

ಒಂಟಿ ಬದುಕು ಕಲಿಸಿದ ಇನ್ನೊಂದು ಅಭ್ಯಾಸ ಸಾಕುವವರಿಗೆ ತಿಳಿದಿರಲೇಬೇಕು. ನೋವನ್ನು ಹೊರಗೆ ತೋರಿಸಿಕೊಂಡರೆ ಕಾಡಿನಲ್ಲಿ ಉಳಿಗಾಲವಿಲ್ಲ, ಹಾಗಾಗಿ ಬೆಕ್ಕು ಕಾಯಿಲೆಯನ್ನು ಮುಚ್ಚಿಡುತ್ತದೆ. ನೋವಿನಲ್ಲೂ ಗೊರಗೊರ ಎನ್ನುತ್ತದೆ. ದಿನದ ವಿಚಿತ್ರಗಳಲ್ಲಿ ಒಂದು ನಿಂತುಹೋದರೆ, ಅಂದರೆ ಬೀರು ಹತ್ತುತ್ತಿದ್ದದ್ದು ಹತ್ತದಿದ್ದರೆ, ಮೈ ನೆಕ್ಕಿಕೊಳ್ಳುವುದು ಬಿಟ್ಟು ಕೂದಲು ಗಂಟುಗಟ್ಟಿದರೆ, ಮಂಚದ ಕೆಳಗೆ ಸೇರಿಕೊಂಡು ಹೊರಬಾರದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಜ್ವರವೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಡಬಾರದು, ಅದು ಬೆಕ್ಕಿಗೆ ವಿಷ. ಗಂಡು ಬೆಕ್ಕು ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ ಕುಕ್ಕರಿಸಿ, ಮೂತ್ರ ಬಾರದೆ ಎದ್ದು ಬರುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ಸ್ಥಿತಿ ಅದು. ಆಗ ಬೆಳಗಾಗಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.